ಹೋಗ್ತೀನಿ ಅಂದೋಳ ಕಥೆ

ಮದುವೆಯಾದ ಹೆಂಗಸು ಒಬ್ಬಳೇ ಪದೇ ಪದೇ ಬೇಲೂರು ಬಸ್ಸು ಹತ್ತಿದ್ರೆ ಗಂಡಸಿಯಲ್ಲಿ ಜನ ಏನಂತಾರೆ? ಅದನ್ನ ನಾನು ಬಾಯಿಬಿಟ್ಟು ಹೇಳ್ಬೇಕಾ? ಈ ಮಹಿಳಾ ಸಂಘದಲ್ಲಿ ಕೂತಿರೋರೇ ಒಂದಿಬ್ಬರು ಅಂದಿದೀರ. ಇರ್ಲಿ, ಹೆಸರು ಹೇಳಲ್ಲ. ಸುಮ್ನೆ ಕೂತ್ಕಂಡು ಕೇಳಿ.

ನಾನು ಹೇಮಲತಾ. ತೆಂಗಿನಕಾಯಿ ವ್ಯಾಪಾರದ ಇಂದ್ರೇಶ್ ಹೆಂಡ್ತಿ. ಸ್ಕೂಲಿಗೆ ಹೋಗೋ ಮಗಳು ಒಬ್ಬಳು ಅವ್ಳೆ. ತವರು ಹಳೇಬೀಡು. ನಮ್ಮತ್ತೆ ಕಾಂತಮ್ಮ ಬರೀ ಅತ್ತೆ ಅಲ್ಲ, ನಮ್ಮಪ್ಪನ ಒಡಹುಟ್ಟಿದ ತಂಗಿ. ಸೋದರತ್ತೆ ಮಗನಿಗೇ ನನ್ನ ಕೊಟ್ಟಿದ್ದು. ಅಪ್ಪ ಅಮ್ಮ ಇಬ್ರೂ ಈಗಿಲ್ಲ, ಹಳೇಬೀಡಲ್ಲಿ ತಮ್ಮ ಒಬ್ಬ ಅವ್ನೆ.

ನನ್ನ ಮೇಲೆ ದೂರು ಒಂದಾ ಎರಡಾ? ಒಲೆ ಮೇಲೆ ಹಾಲಿಟ್ಟು ಹಿತ್ಲಿಗೆ ಹೋದ್ರೆ ಹಾಲು ನೆನಪಾಗೋದು ಸೀದ ವಾಸನೆ ಬಂದ್ಮೇಲೆ. ಒಂದು ಕೆಲಸ ಹಿಡಿದೋಳು ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಕೈ ಹಾಕ್ತಿದ್ದೆ. ಅಂಗಳದಲ್ಲಿ ಕೊಬ್ಬರಿ ಒಣಗ್ತಿರೋವಾಗ ಮಳೆ ಬಂತು, ನಾನು ಕಿಟಕೀಲಿ ನಿಂತು ಮಳೆ ನೋಡ್ತಿದ್ದೆ. ಕುಕ್ಕರ್ ಸೀಟಿ ಹೊಡೆದ್ರೆ ಕಿವಿ ಮುಚ್ಕಂಡು ಓಡ್ತಿದ್ದೆ. ಮದುವೆ ಮನೇಲಿ ವಾಲಗ ಶುರುವಾದ್ರೆ ನಾನು ಆಚೆ, ಚಪ್ಪಲಿ ಬಿಟ್ಟಿರೋ ಕಡೆ. "ಗ್ಯಾನ ಎಲ್ಲಿಟ್ಟಿದೀಯೇ?" ಅಂತ ಅತ್ತೆ ಕೇಳೋರು. ಎಲ್ಲಿಟ್ಟಿದೀನಿ ಅಂತ ನಂಗೇ ಗೊತ್ತಿದ್ರೆ ತಂದ್ಕೊಡ್ತಿರ್ಲಿಲ್ವಾ?

ಮಾತಾಡೋವಾಗ ಮುಖ ನೋಡಲ್ಲ ಅನ್ನೋದು ಇನ್ನೂ ದೊಡ್ಡ ದೂರು. ನಂಗೆ ಎದುರಿಗಿರೋರ ಕಣ್ಣು ನೋಡಿದ್ರೆ ಅವರ ಮಾತು ತಲೆಗೆ ಇಳಿಯಲ್ಲ. ಗೋಡೆ ನೋಡ್ಕಂಡು ಕೇಳಿದ್ರೆ ಇಳಿಯುತ್ತೆ. ಅದು ಬೇರೆಯೋರಿಗೆ ಹೆಂಗೆ ಕಾಣ್ತು? "ಕಣ್ಣು ತಪ್ಪಿಸ್ತಾಳೆ, ಏನೋ ಮುಚ್ಚಿಡ್ತಾವ್ಳೆ" ಅಂತ.

ಆಮೇಲೆ ಆ ಮಾತು. ಮನೆ ಬಿಟ್ಟು ಹೊರಡೋವಾಗ ನಾವೆಲ್ಲ "ಬತ್ತೀನಿ" ಅಂತೀವಲ್ಲ? ನಾನು "ಹೋಗ್ತೀನಿ" ಅಂತೀನಿ. ಹೋಗೋದು ತಾನೇ? ಹೋಗೋವಾಗ ಬತ್ತೀನಿ ಅಂದ್ರೆ ಅದು ಸುಳ್ಳಲ್ವಾ ಅಂತ ನನ್ನ ತಲೆ. ನಮ್ಮ ಚಿಕ್ಕಮಾವ ಷಡಕ್ಷರಪ್ಪ, ಅಂದ್ರೆ ನಮ್ಮ ಮಾವನವರ ತಮ್ಮ, ಆಪರೇಷನ್ ಮಾಡಿಸ್ಕಂಡು ಮಲಗಿದ್ರು. ನೋಡೋಕೆ ಹೋದೋಳು ಎದ್ದು "ಹೋಗ್ತೀನಿ" ಅಂದೆ. ಮನೆ ಮಂದಿಯೆಲ್ಲ ಅಯ್ಯೋ ಶಿವನೇ ಅಂದ್ರು. ಆವತ್ತಿಂದ ಆಯಪ್ಪ ನನ್ನ ಕಂಡ್ರೆ ಮುಖ ಸಿಂಡರಿಸ್ಕಳ್ಳೋರು.

ಬೇಲೂರಿನ ವಿಷಯ ಹೇಳ್ತೀನಿ. ನನ್ನ ಜೊತೆ ಓದಿದ ಶಿಲ್ಪಾ ಅಲ್ಲಿ ಟೀಚರ್ರು. ಓದು ತಡವಾಗಿ ಹತ್ತೋ ಮಕ್ಕಳಿಗೆ, ಸ್ವಭಾವ ಬೇರೆ ಥರ ಇರೋ ಮಕ್ಕಳಿಗೆ ಪಾಠ ಹೇಳ್ತಾಳೆ. ಒಂದು ಗೃಹಪ್ರವೇಶದಲ್ಲಿ ನಾನು ಕಿವಿ ಮುಚ್ಕಂಡು ಚಪ್ಪಲಿಗಳ ಮಧ್ಯೆ ಕೂತಿದ್ದು ನೋಡಿ ಪಕ್ಕಕ್ಕೆ ಬಂದು ಕೂತ್ಲು.

"ಹೇಮ, ಬೇಜಾರು ಮಾಡ್ಕಬೇಡ. ನಮ್ಮ ಸ್ಕೂಲಲ್ಲಿ ಕೆಲವು ಮಕ್ಕಳು ಥೇಟ್ ನಿನ್ನ ಹಂಗೇ ಅವ್ರೆ. ಸದ್ದು ತಡ್ಕಳ್ಳೋದು, ಜನರ ಜೊತೆ ಬೆರೆಯೋದು ಕಷ್ಟ ಆದ್ರೆ ಆಟಿಸಂ ಅಂತಾರೆ, ಗಮನ ಒಂದು ಕಡೆ ನಿಲ್ಲದಿದ್ರೆ ಎ.ಡಿ.ಎಚ್.ಡಿ. ಅಂತಾರೆ. ಒಂದ್ಸಲ ಮನಸ್ಸಿನ ಡಾಕ್ಟ್ರಿಗೆ ತೋರಿಸೋಣ ಕಣೇ."

ನಂಗೆ ಮೈಯೆಲ್ಲ ಉರಿದುಹೋಯ್ತು. ಇವಳ್ಯಾಕೆ ನನ್ನ ಹುಚ್ಚಿ ಮಾಡೋಕೆ ಹೊರಟವ್ಳೆ? ಊರಲ್ಲಿ ಟಾಂ ಟಾಂ ಹೊಡೆಯೋಕಾ? ಅವಳ ಫೋನು ಬಂದ್ರೆ ಎತ್ತಲಿಲ್ಲ. ಆಮೇಲೊಂದು ದಿನ ಮಗಳನ್ನ ಸ್ಕೂಲಿಂದ ಕರ್ಕಂಡು ಬರೋದು ಮರೆತೆ. ಬೀಗ ಹಾಕಿದ ಗೇಟಿನ ಮುಂದೆ ಅಳ್ತಾ ನಿಂತಿದ್ಲು. ಅವತ್ತು ನಾನೇ ಶಿಲ್ಪಂಗೆ ಫೋನ್ ಮಾಡ್ದೆ. ಅವಳು ಬೇಲೂರು ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರಿಗೆ ತೋರಿಸಿದ್ಲು, ಆಮೇಲೂ ಎರಡು ಮೂರು ಸಲ ಹೋಗಿಬಂದೆ.

ಪಕ್ಕದಲ್ಲೇ ಅರಸೀಕೆರೆ ಇರೋವಾಗ ಬೇಲೂರಿಗ್ಯಾಕೆ ಹೋದೆ? ಅರಸೀಕೆರೆ ಆಸ್ಪತ್ರೇಲಿ ನಾನು ಕೂತಿದ್ರೆ ಸಂಜೆ ಒಳಗೆ ನಮ್ಮ ಯಜಮಾನ್ರು ವ್ಯಾಪಾರ ಮಾಡೋ ಕೊಬ್ಬರಿ ಮಂಡಿಗೆಲ್ಲ ಗೊತ್ತಾಗ್ತಿತ್ತು, ಅದಕ್ಕೆ. ಬೇಲೂರಲ್ಲಿ ಶಿಲ್ಪನ ಬಿಟ್ರೆ ಯಾರೂ ಗುರುತಿಲ್ಲ.

ಒಂದ್ಸಲ ವಾಪಸ್ ಬಂದಾಗ ಇವ್ರು, ನಮ್ಮ ಯಜಮಾನ್ರು, ಕೇಳಿದ್ರು, "ಎಲ್ಲಿಗೆ ಹೋಗಿದ್ದೆ?"

"ಬೇಲೂರಿಗೆ."

"ಯಾಕೆ?"

"ಹೇಳಲ್ಲ."

ನೋಡಿ, ಸೀರೆ ತಗಳಕ್ಕೆ, ದೇವಸ್ಥಾನಕ್ಕೆ ಅಂತ ಏನಾದ್ರೂ ಒಂದು ಕಟ್ಟಿದ್ರೆ ಮುಗೀತಿತ್ತು. ನಂಗೆ ಸುಳ್ಳು ಕಟ್ಟೋಕೆ ಬರಲ್ಲ. ಇವ್ರು ನನ್ನ ಜೊತೆ ಮಾತು ಬಿಟ್ರು. ಅತ್ತೆ ನಾನು ಸ್ನಾನಕ್ಕೆ ಹೋದಾಗ ನನ್ನ ಬ್ಯಾಗು ತಡಕೋಕೆ ಶುರು ಮಾಡಿದ್ರು. ಷಡಕ್ಷರಪ್ಪನೋರು ಬಂದು ಜಗಲಿ ಮೇಲೆ ಕೂತು, ನಂಗೆ ಕೇಳೋ ಹಂಗೇ ಹೇಳಿದ್ರು: "ಬರೋ ಸೋಮವಾರ ಹಿರಿಯರು ನಾಕು ಜನ ಕೂರೋಣ. ಇವಳನ್ನ ಹಳೇಬೀಡಿಗೆ, ಅವಳ ತಮ್ಮನ ಮನೆಗೆ ಬಿಟ್ಟು ಬರೋಣ. ಮಗು ಮಾತ್ರ ಇಲ್ಲೇ ಇರ್ಲಿ."

ಮಗು ಇಲ್ಲೇ ಇರ್ಲಿ! ಕಳಿಸಿದ್ರೆ ಹೋಗ್ಬಹುದು, ಮಗಳನ್ನ ಬಿಟ್ಟು ಹೆಂಗೆ ಹೋಗ್ಲಿ?

ಮಾರನೇ ದಿನ ಮಂಗಳವಾರ, ಡಾಕ್ಟ್ರು ಬರೋಕೆ ಹೇಳಿದ್ರು. ಊಟದ ಡಬ್ಬಿ, ನೀರು, ತಲೆಗೆ ಶಾಲು, ಎಲ್ಲ ಒಂದು ದೊಡ್ಡ ಬ್ಯಾಗಿಗೆ ತುಂಬ್ಕಂಡೆ. ಹೊಸ್ತಿಲು ದಾಟೋವಾಗ ಅಭ್ಯಾಸದ ಹಂಗೆ "ಅತ್ತೆ, ಹೋಗ್ತೀನಿ" ಅಂದೆ.

ಹಿರಿಯರು ಕೂರೋ ಮಾತಾಗೈತೆ, ಕೈಯಲ್ಲಿ ದೊಡ್ಡ ಬ್ಯಾಗು, ಬಾಯಲ್ಲಿ ಹೋಗ್ತೀನಿ. ಅತ್ತೆ ಏನಂದ್ಕಂಡಾರು? ಇವಳು ಯಾವನ ಜೊತೆಗೋ ಓಡಿಹೋದ್ಲು ಅಂದ್ಕಂಡ್ರು. ಷಡಕ್ಷರಪ್ಪನೋರ ಕಾರು ಹತ್ತಿ, ನಮ್ಮ ಬಸ್ಸಿನ ಹಿಂದೇನೇ ಜಾವಗಲ್ಲು, ಹಳೇಬೀಡು ದಾಟ್ಕಂಡು ಬೇಲೂರಿಗೆ ಬಂದವ್ರೆ. ನಂಗೆ ಅದ್ಯಾವ್ದೂ ಗೊತ್ತಿಲ್ಲ.

ಆಸ್ಪತ್ರೇಲಿ ಶಿಲ್ಪಾ ನನ್ನ ಪಕ್ಕ ಕೂತಿದ್ಲು. ಡಾಕ್ಟ್ರು, ಹೆಂಗಸೇ ಅವ್ರು, ನನ್ನ ಕೇಳ್ತಿದ್ರು. "ನಿಮ್ಮನ್ನ ಚಿಕ್ಕಂದಿನಿಂದ ನೋಡಿದವರು ಯಾರಾದ್ರೂ ಇದಾರಾ? ಇದು ಹುಟ್ಟಿನಿಂದ ಬರೋ ಸ್ವಭಾವ. ಆಗ ಹೇಗಿದ್ರಿ ಅಂತ ಗೊತ್ತಾದ್ರೆ ಅನುಕೂಲ."

"ಒಬ್ರು ಅವ್ರೆ. ಅವರಿಗೆ ಹೇಳಂಗಿಲ್ಲ" ಅಂದೆ.

ಅಷ್ಟರಲ್ಲಿ ಬಾಗಿಲು ಧಡಾರ್ ಅಂತ ತೆಗೀತು. ಅತ್ತೆ ಏದುಸಿರು ಬಿಡ್ತಾ ನಿಂತಿದ್ರು. ಷಡಕ್ಷರಪ್ಪನೋರು ಅವರನ್ನ ದಾಟಿ ಒಳಗೆ ನುಗ್ಗಿ, ಪರದೆ ಹಿಂದೆ ಇಣುಕಿ ನೋಡಿದ್ರು. ಅಲ್ಲಿ ತೂಕದ ಮಿಷನ್ ಬಿಟ್ರೆ ಯಾವ ಗಂಡಸೂ ಇರ್ಲಿಲ್ಲ.

"ಎಲ್ಲೇ ಅವ್ನು?" ಅಂದ್ರು ಅತ್ತೆ.

"ಯಾವನು?" ಅಂದೆ. ನಂಗೆ ನಿಜವಾಗ್ಲೂ ಅರ್ಥವಾಗ್ಲಿಲ್ಲ.

ಪಕ್ಕದಲ್ಲಿದ್ದ ಶಿಲ್ಪಾ ಎದ್ದು ಅತ್ತೆಗೆ ಕುರ್ಚಿ ಕೊಟ್ಲು. ಡಾಕ್ಟ್ರು ಮೊದಲು ನನ್ನನ್ನ ಕೇಳಿದ್ರು, "ಇವರ ಮುಂದೆ ಮಾತಾಡಬಹುದಾ?" "ಬಂದ್ಬಿಟ್ಟವ್ರಲ್ಲ, ಮಾತಾಡಿ" ಅಂದೆ. ಆಮೇಲೆ ಅತ್ತೆ ಕಡೆ ತಿರುಗಿ, "ಅಮ್ಮ, ಇವರನ್ನ ನೀವು ಎಷ್ಟು ವರ್ಷದಿಂದ ಬಲ್ಲಿರಿ?" ಅಂದ್ರು.

"ಹುಟ್ಟಿದ ದಿನ ನೀರು ಹಾಕಿದೋಳೇ ನಾನು. ನನ್ನ ಕೇಳ್ತೀರಲ್ಲ!"

"ಚಿಕ್ಕವರಿದ್ದಾಗ ಹೇಗಿದ್ರು?"

ಅಷ್ಟು ಸಾಕಾಯ್ತು ನಮ್ಮತ್ತೆಗೆ. "ಹೆಂಗಿದ್ಲು! ಹೆಸರು ಹಿಡಿದು ಕೂಗಿದ್ರೂ ತಿರುಗ್ತಿರ್ಲಿಲ್ಲ, ಕಿವುಡಿ ಅಂದ್ಕಂಡಿದ್ವಿ. ಹೊಸ ಲಂಗ ಹಾಕಿದ್ರೆ ಚುಚ್ತದೆ ಅಂತ ಕಿತ್ತೆಸೆಯೋಳು. ಓರಗೆ ಮಕ್ಕಳು ಆಟ ಆಡ್ತಿದ್ರೆ ಇವಳು ಒಬ್ಬಳೇ ಹುಣಸೆಬೀಜ ಸಾಲಾಗಿ ಜೋಡಿಸ್ತಾ ಕೂರೋಳು. ಒಂದು ಬೀಜ ಸರಿಸಿದ್ರೆ ಊರು ಕಿತ್ತೋಗೋ ಹಂಗೆ ಅಳೋಳು. ಸ್ಕೂಲಿಗೆ ತಗಂಡೋದ ಸ್ಲೇಟು ಯಾವತ್ತಾದ್ರೂ ವಾಪಸ್ ಬಂದೈತಾ? ಮೇಷ್ಟ್ರು ಹೇಳಿದ್ದು ಒಂದು, ಇವಳು ಮಾಡಿದ್ದು ಇನ್ನೊಂದು. ಬರ್ಕಳಿ ಡಾಕ್ಟ್ರೇ, ಎಲ್ಲಾ ಬರ್ಕಳಿ!"

ಡಾಕ್ಟ್ರು ಬರ್ಕಂಡ್ರು. ಅತ್ತೆಗೆ ತಾನು ಗೆದ್ದೆ ಅಂತ ಖುಷಿ.

"ಅಮ್ಮ, ನನಗೆ ಬೇಕಾಗಿದ್ದು ಇದೇ" ಅಂದ್ರು ಡಾಕ್ಟ್ರು. "ಇವರು ಈಗ ಯಾರ ಸಹವಾಸದಿಂದಲೋ ಕೆಟ್ಟವರಲ್ಲ. ಮಗುವಾಗಿದ್ದಾಗಿನಿಂದ ಹೀಗೇ ಇದಾರೆ ಅಂತ ನೀವೇ ಹೇಳಿದ್ರಿ. ಬೇಕಂತ ಮಾಡ್ತಿರೋದಲ್ಲ. ಇವರ ಮಿದುಳು ಕೆಲಸ ಮಾಡೋ ರೀತಿಯೇ ಬೇರೆ. ಪೂರ್ತಿ ಪರೀಕ್ಷೆಗೆ ಹಾಸನದ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ಷಡಕ್ಷರಪ್ಪನೋರು ಬಿಡ್ತಾರಾ? "ಏನ್ ಡಾಕ್ಟ್ರೇ, ಮರೆವು ಯಾರಿಗಿಲ್ಲ? ನಂಗೂ ಕನ್ನಡಕ ಎಲ್ಲಿಟ್ಟೆ ಅಂತ ನೆನಪಿರಲ್ಲ. ಹಂಗಾದ್ರೆ ನಂಗೂ ಇದೇ ಕಾಯಿಲೆನಾ? ನಲವತ್ತು ಹತ್ರ ಬಂದೋಳಿಗೆ ಈಗ ಹೊಸ ಹೆಸರು ಕಟ್ಟಿ ಮಾತ್ರೆ ಮಾರೋ ಉಪಾಯ ಇದು."

"ಎಲ್ಲರೂ ಮರೀತಾರೆ ಸ್ವಾಮಿ" ಅಂದ್ಲು ಶಿಲ್ಪಾ. "ಕನ್ನಡಕ ಮರೆತ್ರೆ ನಿಮ್ಮ ಬದುಕು ನಿಂತೋಗಲ್ಲ. ಇವಳಿಗೆ ದಿನಾ, ಎಲ್ಲಾ ಕಡೆ, ಚಿಕ್ಕಂದಿನಿಂದ ಹಿಂಗೇ ಆಗಿ ಬದುಕೇ ನಿಲ್ಲೋ ಹಂಗಾಗೈತೆ. ಅದಕ್ಕೇ ಕೇಳ್ತಿರೋದು. ಆಗ ನಮ್ಮೂರಲ್ಲಿ ಇದರ ಹೆಸರು ಯಾರಿಗೂ ಗೊತ್ತಿರ್ಲಿಲ್ಲ, ಅದಕ್ಕೆ ಈಗ ಗೊತ್ತಾಗ್ತೈತೆ."

"ಹುಚ್ಚಲ್ವಾ ಹಂಗಾದ್ರೆ?" ಅಂದ್ರು ಷಡಕ್ಷರಪ್ಪನೋರು.

"ಹುಚ್ಚಲ್ಲ. ಗಾಳಿಯೂ ಅಲ್ಲ, ಮಾಟವೂ ಅಲ್ಲ, ಕೊಬ್ಬೂ ಅಲ್ಲ" ಅಂದ್ರು ಡಾಕ್ಟ್ರು.

ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಿದ್ರು. ಆಮೇಲೆ ಮೆಲ್ಲಗೆ ಕೇಳಿದ್ರು, "ಡಾಕ್ಟ್ರೇ, ಇದು ಮನೆತನದಲ್ಲಿ ಬತ್ತದಾ?"

"ಎಷ್ಟೋ ಮನೆಗಳಲ್ಲಿ ಬರುತ್ತೆ. ಯಾಕಮ್ಮ?"

"ನಮ್ಮಣ್ಣ ಮರಿಯಣ್ಣ. ಇವಳಪ್ಪ. ಅವ್ನೂ ಹಿಂಗೇ ಇದ್ದ. ಒಂದು ವ್ಯಾಪಾರಾನೂ ನೆಟ್ಟಗೆ ಮಾಡ್ಲಿಲ್ಲ, ಯಾರ ಮುಖಾನೂ ನೋಡ್ತಿರ್ಲಿಲ್ಲ. ಗರ ಬಡಿದೈತೆ ಅಂತ ಕಂಬಕ್ಕೆ ಕಟ್ಟಿ ಮೆಣಸಿನಕಾಯಿ ಹೊಗೆ ಹಾಕಿದ್ರು. ಕೆಮ್ಮಿ ಕೆಮ್ಮಿ ಸಾಯೋ ಹಂಗಾಗಿದ್ದ. ಆಮೇಲೂ ಬದಲಾಗ್ಲಿಲ್ಲ. ಕೊನೇಗೆ, ನಾನೊಂದು ದಂಡಪಿಂಡ ಕಣೇ ಕಾಂತಿ, ಅಂತ ನನ್ನ ಕೈ ಹಿಡ್ಕಂಡೇ ಪ್ರಾಣ ಬಿಟ್ಟ." ಅತ್ತೆ ಬಿಕ್ಕಿ ಬಿಕ್ಕಿ ಅತ್ರು. "ಅವನನ್ನ ಯಾರೂ ಇಂಥಾ ಕಡೆ ಕರ್ಕಂಡು ಬರ್ಲಿಲ್ವಲ್ಲ ತಾಯಿ!"

ನಂಗೆ ಅಳೋರನ್ನ ಸಮಾಧಾನ ಮಾಡೋಕೆ ಬರಲ್ಲ. ಬ್ಯಾಗಿಂದ ನೀರಿನ ಬಾಟ್ಲಿ ತೆಗೆದು ಅವರ ಕೈಗೆ ಕೊಟ್ಟೆ. ಕುಡಿದ್ರು. ಅಪ್ಪನ ಆ ಹೊಗೆ ವಿಷಯ ಅವತ್ತೇ ನಾನು ಮೊದಲು ಕೇಳಿದ್ದು.

ಆಚೆ ಬಂದ್ಮೇಲೆ ಷಡಕ್ಷರಪ್ಪನೋರು ಕೆಮ್ಮಿ, "ಮತ್ತೆ ಸೋಮವಾರದ ವಿಷಯ ಏನ್ಮಾಡೋದು ಅತ್ತಿಗೆ?" ಅಂದ್ರು.

"ಸೋಮವಾರ ನಾವು ಹಾಸನಕ್ಕೆ ಹೋಗ್ತೀವಿ. ನಿನ್ನ ಹಿರಿಯರನ್ನ ನೀನೇ ಮನೇಲಿ ಕೂರಿಸ್ಕೋ. ಈ ಹುಡುಗಿ ಎಲ್ಲಿಗೂ ಹೋಗಲ್ಲ, ಇವಳ ಮಗು ಇವಳ ಹತ್ರಾನೇ ಇರ್ತದೆ" ಅಂದ್ರು ನಮ್ಮತ್ತೆ.

ಹಾಸನದಲ್ಲಿ ಸೂಜಿ ಇಲ್ಲ, ರಕ್ತ ಇಲ್ಲ, ಬರೀ ಪ್ರಶ್ನೆ. ನಂಗೆ ಎರಡೂ ಐತೆ ಅಂದ್ರು, ಆಟಿಸಮ್ಮೂ ಎ.ಡಿ.ಎಚ್.ಡಿ.ಯೂ. ಗಮನ ನಿಲ್ಲೋಕೆ ಒಂದು ಮಾತ್ರೆ ಕೊಟ್ಟವ್ರೆ, ಆಗಾಗ ಬಿ.ಪಿ. ನೋಡ್ತಾರೆ. ಆ ಮಾತ್ರೇನ ನಾವೇ ಅಂಗಡೀಲಿ ಕೇಳಿ ತಗಳಂಗಿಲ್ಲ. ಆಟಿಸಂಗೆ ಮಾತ್ರೆ ಇಲ್ಲ, ಮನೆಯೋರು ಅರ್ಥ ಮಾಡ್ಕಂಡ್ರೆ ಅದೇ ದೊಡ್ಡ ಔಷಧಿ. ಅತ್ತೆ ಎಲ್ಲಾ ಬಿಡಿಸಿ ಹೇಳಿದ್ಮೇಲೆ ಇವ್ರು ಮತ್ತೆ ಮಾತಾಡಿದ್ರು, ನನ್ನ ಫೋನಿಗೆ ಅಲಾರಂ ಹಾಕೊಟ್ಟವ್ರೆ, ಮಗಳ ಸ್ಕೂಲು ಬಿಡೋ ಹೊತ್ತಿಗೆ ಹೊಡ್ಕಳ್ತದೆ. ಕುಕ್ಕರ್ ಇಡೋವಾಗ ಅತ್ತೆ ಮೊದಲೇ ಕೂಗಿ ಹೇಳ್ತಾರೆ. ಎಲ್ಲಾ ಸರಿಹೋಯ್ತಾ? ಇಲ್ಲ. ಮೊನ್ನೆನೂ ಹಾಲು ಉಕ್ಕಿಸ್ದೆ. ಬೈದ್ರು, ಆದ್ರೆ ಬ್ಯಾಗು ತಡಕ್ಲಿಲ್ಲ.

ನಿಮ್ಮ ಮುಖ ನೋಡಿದ್ರೆ ಇನ್ನೂ ಕೆಲವರಿಗೆ ಅನುಮಾನ ಐತೆ. ಇರ್ಲಿ, ಅನುಮಾನ ಪಡಿ. ಆದ್ರೆ ಅನುಮಾನ ಬಂದಾಗ ಹಿಂದೆ ಹಿಂದೆ ಹೋಗೋದು ಬಿಟ್ಟು ಡಾಕ್ಟ್ರನ್ನ ಕೇಳಿ. ನಿಮ್ಮ ಗಂಡ ಆಗ್ಲಿ, ತಂಗಿ ಆಗ್ಲಿ, ಸೊಸೆ ಆಗ್ಲಿ, ನೀವೇ ಆಗ್ಲಿ, ಚಿಕ್ಕಂದಿನಿಂದ ಹಿಂಗೇ ಒದ್ದಾಡ್ತಿದ್ರೆ ಸೋಮಾರಿ, ಅಹಂಕಾರಿ, ಗರ ಬಡಿದೋರು ಅಂತ ಹಣೆಪಟ್ಟಿ ಕಟ್ಟಬೇಡಿ. ಸರ್ಕಾರಿ ಆಸ್ಪತ್ರೇಲಿ ಮನಸ್ಸಿನ ಡಾಕ್ಟ್ರು ಯಾವತ್ತು ಸಿಕ್ತಾರೆ ಅಂತ ವಿಚಾರಿಸಿ. ಹೋಗೋಕೆ ನಾಚಿಕೆ ಆದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ. ವಯಸ್ಸಾಯ್ತು, ಇನ್ಯಾಕೆ ಅಂತ ಮಾತ್ರ ಅನ್ಬೇಡಿ. ನಮ್ಮಪ್ಪಂಗೆ ವಯಸ್ಸೂ ಆಯ್ತು, ಸಾವೂ ಬಂತು. ನಿಂಗೇನಾಗ್ತಿದೆಯಪ್ಪ ಅಂತ ಒಬ್ಬರೂ ಕೇಳ್ಲಿಲ್ಲ. ನಿಮ್ಮನೇಲಿರೋರು ಇನ್ನೂ ಬದುಕವ್ರೆ. ಇವತ್ತೇ ಕೇಳಿ.