ಹೋಳಿಗೆ ತಿಂದು ತೋರಿಸಿದವಳು

ಅತ್ತೆಯ ಬಲಗಾಲಿಗೆ ಸುತ್ತಿದ್ದ ಬಟ್ಟೆಯ ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡು ಬರಲೊಲ್ಲದಾಯಿತು. ಗೀತಾ ಬಿಸಿನೀರು ಹನಿಸಿ, ಬೆರಳಿನಿಂದ ಮೆಲ್ಲಗೆ ಸಡಿಲಿಸಿದಳು. ಸತ್ತವರಿಗೆ ನೋವಾಗುವುದಿಲ್ಲ ಎಂದು ಗೊತ್ತಿದ್ದೂ ಮೆಲ್ಲಗೇ ಬಿಚ್ಚಿದಳು. ಒಳಗೆ ಎರಡು ಬೆರಳುಗಳಿರಲಿಲ್ಲ.

ಅತ್ತೆ ಗೌರಕ್ಕನ ಮೈ ತೊಳೆಯಲು ಸೇರಿದ್ದ ಹೆಂಗಸರು ಬಗ್ಗಿ ನೋಡಿದರು.

"ಮುಳ್ಳ ನೆಟ್ಟೈತಿ ಅಂತಿದ್ಲಲ್ಲ," ಎಂದಳು ನೀಲವ್ವ. ಗೌರಕ್ಕನ ಮಗಳು ಶೈಲಾಳ ಅತ್ತೆ, ಅಂಡಗಿ ಊರಿನವಳು. "ಎಂಥಾ ಮುಳ್ಳೋ ನಮ್ಮವ್ವ, ಬೆರಳ ತಿಂದೈತಿ."

ಶೈಲಾ ತಲೆ ಎತ್ತಲಿಲ್ಲ. ತಾಯಿಯ ಹೆಗಲ ಮೇಲೆ ತಂಬಿಗೆಯಿಂದ ನೀರು ಸುರಿಯುತ್ತಲೇ ಇದ್ದಳು.

ಮೈಗೆಲ್ಲ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ತಲೆ ವಾಲದಂತೆ ಹಿಂದಿನ ಹಲಗೆಗೆ ಬಟ್ಟೆ ಬಿಗಿದರು. ಕೂತ ಗೌರಕ್ಕ ಯಾವುದೋ ಊಟದ ಪಂಕ್ತಿಯಲ್ಲಿ ಬಡಿಸುವವರಿಗೆ ಕಾಯುತ್ತಿದ್ದವಳಂತೆ ಕಂಡಳು. ಬಂದವರೆಲ್ಲ ಆಡಿದ್ದೂ ಊಟದ ಮಾತೇ. ಯಾವ ಮದುವೆಗೆ ಹೋದರೂ ಗೌರಕ್ಕ ಮೊದಲ ಪಂಕ್ತಿಯಲ್ಲಿ, ಎಲ್ಲರಿಗೂ ಕಾಣುವಂತೆ ಕೂರುತ್ತಿದ್ದಳು. ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ತುಪ್ಪ ಸುರಿಸಿಕೊಂಡು, ಸಕ್ಕರೆ ರೋಗ ತಮ್ಮ ಮನೆಯ ಹೊಸ್ತಿಲು ತುಳಿದಿಲ್ಲ ಎಂದು ಸಾರುತ್ತಿದ್ದಳು. ಮೈ ಮಾತ್ರ ಒಣಗಿದ ಜೋಳದ ದಂಟು.

"ತಿಂದದ್ದೆಲ್ಲಾ ಎಲ್ಲಿಟ್ಟಿದ್ಲೋ," ಎಂದ, ಕುಣಿ ತೋಡಿ ಬಂದು ಕೈತೊಳೆಯುತ್ತಿದ್ದ ದ್ಯಾಮಪ್ಪ. "ಹೊರಾಕ ನಾಕ ಮಂದಿ ಯಾಕ, ನಾ ಒಬ್ಬನಽ ಸಾಕು."

ಯಾರೋ ನಕ್ಕರು. ಗೌರಕ್ಕನ ಮಗ ರವೀಂದ್ರನೂ ಸಣ್ಣಗೆ ನಕ್ಕ. ಗೀತಾ ಗಂಡನ ಮುಖ ನೋಡಿದಳು. ಅವನು ಬೇರೆ ಕಡೆ ತಿರುಗಿದ.

*

ಗೀತಾಳ ಮಗ ಚಿನ್ಮಯನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಇನ್ಸುಲಿನ್ ಸೂಜಿ ಶುರುವಾದಾಗ ಗೌರಕ್ಕ ಜಗುಲಿಯಲ್ಲಿ ಕೂತು, ಇದು ಸೊಸೆಯ ತವರಿನ ಬಳುವಳಿ ಎಂದು ಬಂದವರಿಗೆಲ್ಲ ಹೇಳಿದ್ದಳು. ಗೀತಾಳ ತವರಿನಲ್ಲಿ ಯಾರಿಗೂ ಆ ರೋಗವಿರಲಿಲ್ಲ. ಆದರೆ ಇಲ್ಲದ್ದನ್ನು ತೋರಿಸುವುದು ಹೇಗೆ? ಗೌರಕ್ಕನಾದರೆ ಹೋಳಿಗೆ ತಿಂದು ತೋರಿಸುತ್ತಿದ್ದಳು.

ಮರುವರ್ಷ ಶೈಲಾಳ ಮಗಳು ಸ್ಫೂರ್ತಿಗೂ ಅದೇ ಆಯಿತು. ಅಂಡಗಿಯಲ್ಲಿ ನೀಲವ್ವ ತನ್ನ ಸೊಸೆಗೆ ಅದೇ ಮಾತು ಅಂದಳು. ಆ ವರ್ಷ ಬೀಗರ ಮನೆಯ ಊಟದಲ್ಲಿ ಗೌರಕ್ಕ ಇನ್ನೂ ಒಂದು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡಳು.

ಚಿನ್ಮಯನನ್ನು ನೋಡಿದ ಹುಬ್ಬಳ್ಳಿಯ ಮಕ್ಕಳ ಡಾಕ್ಟರಿಗೆ ಅನುಮಾನ ಬಂತು. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲ ಇದು ಎಂದರು ಅವರು. ಒಂದೇ ಒಂದು ವಂಶವಾಹಿಯ ದೋಷದಿಂದ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯೊಂದಿದೆ. ರಕ್ತ ಪರೀಕ್ಷಿಸಿದರೆ ಗೊತ್ತಾಗುತ್ತದೆ. ಅದೇ ಆಗಿದ್ದರೆ ಸೂಜಿ ಬಿಡಿಸಿ ಸಣ್ಣ ಗುಳಿಗೆ ಕೊಟ್ಟು ನೋಡಬಹುದು. ದೋಷ ಚಿನ್ಮಯನಲ್ಲಿತ್ತು. ರವೀಂದ್ರನಲ್ಲೂ ಇತ್ತು. ಗೀತಾಳಲ್ಲಿ ಇರಲಿಲ್ಲ. ಕೆಲವು ವಾರಗಳಲ್ಲಿ ಹುಡುಗನ ಸೂಜಿ ನಿಂತಿತು.

ಪರೀಕ್ಷೆಯ ವರದಿ ಬಂದ ದಿನ, ಅವ್ವನಿಗೆ ಹೇಳಬೇಡವೆಂದು ರವೀಂದ್ರ ಕೈಮುಗಿದಿದ್ದ. ಗೀತಾ ಅವತ್ತೇ ಸಂಜೆ ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಹೇಳಿಬಿಟ್ಟಳು. ಗೌರಕ್ಕನಿಗೆ ಆಶ್ಚರ್ಯವಾಗಲಿಲ್ಲ. ಅವಳ ಅಪ್ಪನಿಗೆ ಈ ರೋಗದಿಂದಲೇ ಕಣ್ಣು ಹೋಗಿತ್ತಂತೆ. ಕುರುಡನ ಮನೆಯೆಂದು ಅವಳ ಅಕ್ಕನನ್ನು ಮದುವೆಗೆ ಕೇಳಿಕೊಂಡು ಯಾರೂ ಬರಲಿಲ್ಲವಂತೆ.

"ನಾ ಮುಚ್ಚಿಟ್ಟು ಬಂದಾಕಿ," ಎಂದಳು ಗೌರಕ್ಕ. ಮರುದಿನ ಬೆಳಿಗ್ಗೆ ಅದೇ ಕಲ್ಲಿನ ಹತ್ತಿರ ಬಂದು, ಕೊರಳ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಗೀತಾಳ ಒದ್ದೆ ಕೈಯನ್ನು ಎಳೆದು ಅದರ ಮೇಲಿಟ್ಟಳು. "ನನ್ನ ಉಸರ ಇರೂತನಕ ಈ ಮಾತು ಅಂಡಗಿಗೆ ಮುಟ್ಟಬಾರದು. ಶೈಲಾನ್ನ ತವರಮನೀಗೆ ಅಟ್ಟಾಕ ನೀಲವ್ವ ನೆವಾ ಹುಡಕಾಕತ್ತಾಳ."

ಗೀತಾ ಕೈ ಎಳೆದುಕೊಳ್ಳಲಿಲ್ಲ. ಈ ಕಾಲು ಇಟ್ಟುಕೊಂಡು ಮುದುಕಿ ಎಷ್ಟು ದಿನ ಇದ್ದಾಳು ಎಂದು ಲೆಕ್ಕ ಹಾಕಿದ್ದಳು, ಅಷ್ಟೇ.

ಮೊಮ್ಮಗನ ಸೂಜಿ ಬಿಟ್ಟದ್ದು ಬನವಾಸಿಯ ಮಧುಕೇಶ್ವರನಿಗೆ ಹೊತ್ತ ಹರಕೆಯಿಂದ ಎಂದು ಗೌರಕ್ಕ ಊರಿಗೆಲ್ಲ ಹೇಳಿದಳು. ನಂಬಿದರು.

*

ಹೊಲದ ಬದುವಿನಲ್ಲಿ ಕುಣಿಯೊಳಗೆ ಗೌರಕ್ಕನನ್ನು ಕೂರಿಸಿ, ಕಲ್ಲಯ್ಯ ಸ್ವಾಮಿ ಮಂತ್ರ ಹೇಳಿ ಬಿಲ್ವಪತ್ರೆ ಹಾಕಿದರು. ವಿಭೂತಿ, ಉಪ್ಪು, ಆಮೇಲೆ ಮಣ್ಣು. ತಲೆ ಮುಚ್ಚುವವರೆಗೂ ಗೀತಾ ನೋಡುತ್ತಾ ನಿಂತಳು. ಆಣೆ ತೀರಿತು.

ಮನೆಗೆ ಬಂದವಳೇ ಬಚ್ಚಲ ಹಿಂದೆ ಒದ್ದೆ ಸೀರೆ ಹಿಂಡುತ್ತಿದ್ದ ಶೈಲಾಳನ್ನು ಹಿಡಿದಳು. ಪರೀಕ್ಷೆ, ದೋಷ, ಗುಳಿಗೆ, ಎಲ್ಲವನ್ನೂ ಹೇಳಿದಳು. ಸ್ಫೂರ್ತಿಯ ರಕ್ತವನ್ನೂ ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸೋಣ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು.

ಶೈಲಾ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ವೈನಿ. ನೀವು ಹೇಳಿದ ದಿನ ರಾತ್ರಿ ಅವ್ವ ಫೋನ್ ಮಾಡಿದ್ಲು. ನಿಮ್ಮ ಕಡಿಂದ ಆಣಿ ಮಾಡಿಸ್ಕೋ ಅಂತ ನಾನಽ ಹೇಳಿದ್ದು."

ಸೊಂಟದ ಚೀಲದಿಂದ ಗುಳಿಗೆಯ ಹಾಳೆಯೊಂದನ್ನು ಅರ್ಧ ಎಳೆದು ತೋರಿಸಿ, ಮತ್ತೆ ಒಳಗೆ ತುರುಕಿದಳು. "ನನಗೂ ಐತಿ. ಮನ್ಯಾಗ ಗ್ಯಾಸಿಂದು ಅಂತ ಹೇಳೇನಿ."

"ಮತ್ತ ಆ ಕೂಸಿಗೆ ದಿನಾ ಚುಚ್ಚತೀಯಲ್ಲ ಶೈಲಾ."

"ಚುಚ್ಚಿದ್ರ ಸಾಯಂಗಿಲ್ಲ. ನನ್ನ ಹೊರಗ ಹಾಕಿದ್ರ ಅಕಿ ಯಾರ ಕೈಯಾಗ ಬೆಳೀತಾಳ? ನೀವು ಬಂದು ನೋಡ್ತೀರೇನ?"

*

ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟಿದ್ದರು. ಪಡಸಾಲೆಯಲ್ಲಿ ಎಲೆ ಹಾಕಿದರು. ಶೈಲಾ ಬಡಿಸುತ್ತಿದ್ದಳು. ಸಾಲಿನ ಕೊನೆಯಲ್ಲಿ ಕೂತ ಸ್ಫೂರ್ತಿ, ಊಟಕ್ಕೆ ಮೊದಲು ಮಾಡುವ ಹಾಗೆ, ಚೀಲದಿಂದ ಇನ್ಸುಲಿನ್ ಪೆನ್ನು ತೆಗೆದು ಅಂಗಿಯನ್ನು ಸ್ವಲ್ಪ ಮೇಲೆತ್ತಿದಳು. ಹೊಟ್ಟೆಯ ಮೇಲೆ ಅಲ್ಲಲ್ಲಿ ನೀಲಿಗಟ್ಟಿತ್ತು.

ನೀಲವ್ವ ಮೊಮ್ಮಗಳನ್ನು ನೋಡಿ ನಿಟ್ಟುಸಿರು ಬಿಟ್ಟಳು. "ಗೀತಾ, ನಿಮ್ಮ ಹುಡುಗ ಇದನ್ನ ಬಿಟ್ಟು ಆರಾಮ ಅದಾನ. ನಾವೂ ಮಧುಕೇಶ್ವರಗ ಹರಕಿ ಹೊತ್ವಿ, ಇಕಿ ಕಡಿಂದ ಉರುಳ ಸೇವಾ ಮಾಡಿಸಿದ್ವಿ. ನಮಗ್ಯಾಕ ಒಲೀಲಿಲ್ಲ ಅಂವಾ?"

ಶೈಲಾಳ ಕೈಯ ಸೌಟು ನಿಂತಿತು.

"ಹರಕಿ ಅಲ್ಲ ದೊಡ್ಡವ್ವ," ಎಂದಳು ಗೀತಾ. "ರಕ್ತಾ ಪರೀಕ್ಷಾ ಮಾಡಿಸಿದ್ವಿ. ಇದು ನಮ್ಮ ಅತ್ತಿ ಕಡಿಂದ ಇಳದ ಬಂದದ್ದು. ಇದಕ್ಕ ಗುಳಗಿ ಸಾಕು. ಸ್ಫೂರ್ತಿದೂ ಅದಽ ಇರಬಹುದು, ಒಮ್ಮಿ ತೋರಸ್ರಿ."

ನೀಲವ್ವ ಗುಳಿಗೆಯ ಮಾತನ್ನು ದಾಟಿ ಹೋದಳು. "ಗೌರಕ್ಕನ ಕಡಿಂದ," ಎಂದು ನಿಧಾನವಾಗಿ ಅಂದು, ಎದುರು ಸಾಲಿನಲ್ಲಿ ಕೂತ ಮಗನ ಕಡೆ ತಿರುಗಿದಳು. "ಕೇಳಿದ್ಯಾ? ನಾ ಹೇಳಿದಾಗ ನನ್ನ ಬಾಯಿ ಮುಚ್ಚಿಸಿದಿ."

"ಅವ್ವನ ಮ್ಯಾಲಿನ ಮಣ್ಣ ಇನ್ನೂ ಹಸಿ ಐತಿ ವೈನಿ," ಎಂದಳು ಶೈಲಾ. "ಸತ್ತಾಕಿ ಮ್ಯಾಲ ಸುಳ್ಳ ಹೊರಸಬ್ಯಾಡ್ರಿ. ಕೇಳ್ರಿ ಅಣ್ಣನ್ನ."

ಎಲ್ಲರೂ ರವೀಂದ್ರನನ್ನು ನೋಡಿದರು. ಅವನು ಅನ್ನದ ಅಗುಳುಗಳನ್ನು ಬೆರಳಿನಿಂದ ಎಲೆಯ ಒಂದು ಬದಿಗೆ ಸರಿಸಿದ. ಇನ್ನೊಂದು ಬದಿಗೆ ಸರಿಸಿದ.

ಮಾತು ಏರುತ್ತಾ ಹೋಯಿತು. ಸ್ಫೂರ್ತಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿಯನ್ನು ಚುಚ್ಚದೆ ಕೂತಿದ್ದಳು. ಗೀತಾಳನ್ನು ನೋಡಿದಳು, ಅವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಹಿಡಿದ ಜಾಗ ಬಿಳಿಚಿತ್ತು. ಎಲೆಯ ಮೇಲೆ ಸಾರು ಆರುತ್ತಿತ್ತು. ಯಾರಾದರೂ ಬೇಡ ಅನ್ನುತ್ತಾರೇನೋ ಎಂದು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಸಿವು ತಡೆಯದೆ, ಗೋಡೆಯ ಕಡೆ ಮುಖ ತಿರುಗಿಸಿ ಚುಚ್ಚಿಕೊಂಡಳು.