ಬಚ್ಚಲಿನ ಹೊಗೆ, ಲ್ಯಾಬಿನ ಬೀಗ

ಬಚ್ಚಲುಮನೆಯಿಂದ ಕೆಮ್ಮು ಕೇಳಿಸಿದಾಗ ಟೈಲರಮ್ಮ ಹೊಲಿಗೆ ಯಂತ್ರದ ಮುಂದಿದ್ದಳು. ಓಡಿಹೋಗಿ ನೋಡಿದರೆ, ಒಂಬತ್ತನೇ ತರಗತಿಯ ಮಗಳು ಗೋಡೆಗೊರಗಿ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ! ಮೂಗು ಸುಡುವ ವಾಸನೆ. ನೆಲದ ಕಲೆ ಹೋಗಲೆಂದು ಹುಡುಗಿ ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದಿದ್ದಳು. ತಾಯಿಯ ಕೂಗಿಗೆ ಪಕ್ಕದ ಮನೆಯ ನರ್ಸ್ ಓಡಿಬಂದು ಇಬ್ಬರನ್ನೂ ಹೊರಗೆಳೆದಳು.

ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಕೊಟ್ಟರು. ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ ತಾಯಿ ಕೂತುಬಿಟ್ಟಳು.

ಮೂರನೇ ದಿನ ಮಗಳ ಶಾಲೆಯ ವಿಜ್ಞಾನದ ಟೀಚರ್ ಆಸ್ಪತ್ರೆಗೆ ನೋಡಲು ಬಂದರು.

"ಪರೀಕ್ಷೇಲಿ ತೊಂಬತ್ತೆರಡು ತಗೊಂಡೋಳು ಕಣ್ರೀ ಇವಳು! ಇಷ್ಟೂ ಗೊತ್ತಾಗ್ಲಿಲ್ವಾ?" ತಾಯಿ ರೇಗಿದಳು.

"ಬ್ಲೀಚಿಂಗ್ ಪುಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಸೇರಿದ್ರೆ ವಿಷಗಾಳಿ ಬರುತ್ತೆ ಅಂತ ಬಾಯಿಪಾಠ ಮಾಡಿದ್ದೆ ಅಮ್ಮಾ," ಮಗಳ ದನಿ ಕ್ಷೀಣವಾಗಿತ್ತು. "ನಮ್ಮನೆ ಬಾಟ್ಲಿಲಿರೋದೂ ಅದೇ ಅಂತ ಹೊಳೀಲೇ ಇಲ್ಲ."

ಟೀಚರ್ ತಲೆ ತಗ್ಗಿಸಿದರು. "ತಪ್ಪು ನಂದು. ಮೂರು ವರ್ಷದ ಹಿಂದೆ ನನ್ನ ಕೈಲೇ ಬೀಕರ್ ಒಡೀತು. ಅವತ್ತಿಂದ ಲ್ಯಾಬಿನ ಬೀಗ ಮುಟ್ಟೋಕೂ ಹೆದರಿಕೆ. ಎಲ್ಲಾ ಬೋರ್ಡ್ ಮೇಲೆ ಬರೆದು ಮುಗಿಸ್ತೀನಿ."

"ಹಾಗಾದ್ರೆ ಬೀಗ ತೆಗೀರಿ," ಎಂದಳು ಮಂಚದ ಬಳಿ ನಿಂತಿದ್ದ ಪಕ್ಕದ ಮನೆಯ ನರ್ಸ್.

ತಾಯಿ ಬೆಚ್ಚಿದಳು. "ಅಯ್ಯೋ, ಬೇಡ್ವೇ ಬೇಡ! ಮನೇಲೇ ಹೀಗಾಯ್ತು. ಅಲ್ಲಿ ನಲವತ್ತು ಮಕ್ಳಿದ್ದಾವೆ!"

"ಅಕ್ಕಾ, ನಾನು ಬರೀ ಪುಸ್ತಕ ಓದಿ ಇಂಜೆಕ್ಷನ್ ಕಲ್ತಿದ್ರೆ ಚುಚ್ಚಿಸ್ಕೊಳ್ಳೋಕೆ ನನ್ನ ಮುಂದೆ ತೋಳು ಚಾಚ್ತಿದ್ರಾ? ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಸಿದ್ರು. ಟೀಚರೂ ಹಾಗೇ ಕಲೀಲಿ."

ಟೀಚರ್ ಆರು ಶನಿವಾರ ಇನ್ನೊಂದು ಶಾಲೆಯ ಅನುಭವಿ ಮೇಷ್ಟ್ರ ಬಳಿ ಹೋದರು. ಪ್ರತಿ ಪ್ರಯೋಗವನ್ನೂ ಮೊದಲು ತಾವೇ ಮಾಡಿ ನೋಡಿದರು. ಎರಡು ಸಲ ಕೆಟ್ಟಿತು. ಯಾಕೆ ಕೆಟ್ಟಿತೆಂದು ಬರೆದಿಟ್ಟುಕೊಂಡರು.

ಲ್ಯಾಬ್ ತೆರೆದ ದಿನ, ತಾನೂ ನೋಡಲೇಬೇಕೆಂದು ಬಂದ ತಾಯಿ ಹಿಂದಿನ ಬೆಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಳು. ಕಿಟಕಿಗಳೆಲ್ಲ ತೆರೆದಿದ್ದವು. ಮಕ್ಕಳು ರಕ್ಷಣಾ ಕನ್ನಡಕ ಹಾಕಿಕೊಂಡಿದ್ದರು.

"ನೀರಿಗೆ ಆಸಿಡ್ ಹನಿ ಬಿದ್ರೆ ಏನಾಗಬಹುದು? ಮೊದಲು ನೀವು ಹೇಳಿ," ಎಂದರು ಟೀಚರ್. ನಂತರ ಮಗಳನ್ನು ಕರೆದರು. ಅವಳು ಡ್ರಾಪರ್ ಎತ್ತಿಕೊಂಡು ಟೀಚರ್ ಮುಖ ನೋಡಿದಳು.

"ಒಂದೊಂದೇ ಹನಿ. ನಾನಿಲ್ಲೇ ಇದ್ದೀನಿ."

ಒಂದಿಷ್ಟು ಹನಿ ಬಿಟ್ಟು, ಬೀಕರಿನ ಹೊರಮೈ ಮುಟ್ಟಿ ಹುಡುಗಿ ಕಣ್ಣರಳಿಸಿದಳು. "ಬೆಚ್ಚಗಾಗ್ತಿದೆ!"

"ಅದಕ್ಕೇ ಆಸಿಡ್ ಮೇಲೆ ನೀರು ಸುರೀಬಾರದು. ಕುದ್ದು ಮುಖಕ್ಕೇ ಸಿಡಿಯುತ್ತೆ."

ಹೊರಬಂದ ತಾಯಿ ಅಂದಳು: "ನಂಗಿನ್ನೂ ಎದೆ ಡವಡವ ಅಂತಿದೆ ಟೀಚರ್. ಆದ್ರೂ ನಿಲ್ಲಿಸ್ಬೇಡಿ, ಮಾಡಿಸಿ."

ನಿಮ್ಮ ಮಕ್ಕಳ ಶಾಲೆಯ ಲ್ಯಾಬ್ ಕೊನೆಯ ಸಲ ತೆರೆದದ್ದು ಯಾವಾಗ? ನಾಳೆಯೇ ಹೋಗಿ ಕೇಳಿ. ಟೀಚರಿಗೆ ಹೆದರಿಕೆ ಇದ್ದರೆ ಬೈಯಬೇಡಿ, ಅವರಿಗೆ ತರಬೇತಿ ಕೊಡಿಸಿ ಎಂದು ಪಟ್ಟು ಹಿಡಿಯಿರಿ. ಶಿಕ್ಷಕರೇ, ಮೊದಲು ನೀವು ಮಾಡಿ ನೋಡಿ, ಆಮೇಲೆ ಮಕ್ಕಳ ಕೈಗೆ ಕೊಡಿ. ಅದಕ್ಕೂ ಮೊದಲು, ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಬೆರೆಸಬಾರದೆಂದು ಇವತ್ತೇ ಮನೆಯವರಿಗೆಲ್ಲ ಹೇಳಿ.