ನಿಲ್ಲದೆ ಇಳಿಯುವ ಹಾದಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ನಾನು ಕೂರುವ ಕಡೆಗೂ ಒಂದು ಬ್ರೇಕ್ ಇಟ್ಟಿರುತ್ತಾರೆ. ಕಲಿಯುವವರು ಗೋಡೆಯ ಕಡೆಗೋ ಹಾಲಿನ ವ್ಯಾನಿನ ಕಡೆಗೋ ಸ್ಟೀರಿಂಗ್ ತಿರುಗಿಸಿದಾಗ ಅದನ್ನು ಒತ್ತುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರನ್ನು ನಿಲ್ಲಿಸಿ ನಿಲ್ಲಿಸಿ ಬಲಗಾಲು ಮರಗಟ್ಟಿಹೋಗಿರುತ್ತದೆ. ಇಂಥವಳ ತಲೆ ತಣ್ಣಗಿರಲಿ ಎಂದರೆ ಎಲ್ಲಿಂದ ಇದ್ದೀತು?

ಆದರೆ ಆ ಶನಿವಾರ ನಾನು ಮನೆಯಿಂದ ಹೊರಟಾಗ ನನಗೆ ಸಿಟ್ಟೇ ಇರಲಿಲ್ಲ. ಹೊಸ ಮದುವಣಗಿತ್ತಿಯ ಹಾಗೆ ಕುಣಿದುಕೊಂಡೇ ಹೊರಟಿದ್ದೆ.

ನಮ್ಮವರು ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳನ್ನು ನೋಡಿಕೊಳ್ಳುವವರು. ಎರಡು ವರ್ಷದ ಹಿಂದೆ ಊರಾಚೆಯ ಗುಡ್ಡದಲ್ಲಿ ಸೈಕಲ್ ಹಾದಿ ಮಾಡಿಕೊಳ್ಳಿ ಎಂದು ಅರಣ್ಯದವರು ಒಪ್ಪಿಗೆ ಕೊಟ್ಟರು. ಸೈಕಲ್ ಕ್ಲಬ್ಬಿನವರು ನಮ್ಮವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಂತರು. ಅವತ್ತೇ ನಾನು ಭಾನುವಾರಗಳಿಗೆ ಎಳ್ಳುನೀರು ಬಿಟ್ಟೆ. ಬೆಳಗ್ಗೆ ಗುದ್ದಲಿ ಹಿಡಿದು ಹೋದರೆ ಮನುಷ್ಯ ಬರುವುದು ಕತ್ತಲಾದ ಮೇಲೆ. ಬಚ್ಚಲಿನ ಜಾಲರಿಯಲ್ಲಿ ಮಣ್ಣು, ವಾಷಿಂಗ್ ಮಷೀನಿನಲ್ಲಿ ಜಲ್ಲಿಕಲ್ಲು. ಊಟಕ್ಕೆ ಕೂತರೆ ಲೋಟವನ್ನು ಬಂಡೆ ಮಾಡಿ, ಚಮಚಗಳನ್ನು ಅದರ ಸುತ್ತ ಜೋಡಿಸಿ, ತಿರುವು ಹೇಗಿರಬೇಕೆಂಬ ಪಾಠ. ಇವನು ಆ ಗುಡ್ಡವನ್ನೇ ಕಟ್ಟಿಕೊಂಡಿದ್ದರೆ ನಿನಗೂ ಆರಾಮಿತ್ತು, ನನಗೂ ಆರಾಮಿತ್ತು ಎಂದು ಅತ್ತೆ ಒಂದು ದಿನ ಮೇಜು ಒರೆಸುತ್ತ ಅಂದರು. ಹೆತ್ತವರೇ ಹಾಗಂದ ಮೇಲೆ ನಾನೇನು ಹೇಳಲಿ.

ನಾವಿಬ್ಬರೂ ಒಬ್ಬರಿಗೊಬ್ಬರು ಗಂಟುಬಿದ್ದದ್ದೇ ಸೈಕಲ್ಲಿನಿಂದ. ಮದುವೆಯಾದ ಹೊಸದರಲ್ಲಿ ಭಾನುವಾರ ಬಂತೆಂದರೆ ಯಾವುದಾದರೂ ಇಳಿಜಾರು ಹುಡುಕಿಕೊಂಡು ಹೋಗುತ್ತಿದ್ದೆವು. ಅವರು ಹಿಂದಿನಿಂದ ಕೂಗುವುದು, ನಾನು ಮುಂದಿನಿಂದ ನಗುವುದು. ಅದೆಲ್ಲ ನಿಂತುಹೋದದ್ದಕ್ಕೇ ನಾನು ಅವರಿಂದ ಒಂದು ಮಾತು ತೆಗೆದುಕೊಂಡಿದ್ದೆ. ಹಾದಿ ಮುಗಿದ ಮೇಲೆ, ಊರಿನವರಿಗೆ ಬಿಟ್ಟುಕೊಡುವ ಮೊದಲು, ನಾವಿಬ್ಬರೇ ತುದಿಯಿಂದ ಬುಡದವರೆಗೆ ಎಲ್ಲೂ ನಿಲ್ಲದೆ ಇಳಿಯಬೇಕು. ಆಗಲಿ ಎಂದಿದ್ದರು. ಭಾನುವಾರ ಬೆಳಗ್ಗೆ ಹಾದಿ ಎಲ್ಲರಿಗೂ ತೆರೆಯುವುದಿತ್ತು. ಅದಾದ ಮೇಲೆ ಅದು ಊರಿನದು. ಶನಿವಾರ ಮಧ್ಯಾಹ್ನವೊಂದೇ ನಮ್ಮದು.

ಗುಡ್ಡದ ತುದಿಯಲ್ಲಿ ನೋಡಿದರೆ ಇವರ ಬೆನ್ನಿಗೆ ಸಣ್ಣ ಗುದ್ದಲಿ ಕಟ್ಟಿತ್ತು. ಅದ್ಯಾಕೆ ಎಂದು ಕೇಳಿದೆ. ಸುಮ್ಮನೆ, ಇರಲಿ ಅಂತ, ಎಂದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಅವರು ಮುಂದೆ, ನಾನು ಹಿಂದೆ ಹೊರಟೆವು. ನಿಜ ಹೇಳುತ್ತೇನೆ, ಹೊಗಳಲೇಬೇಕು. ಸೈಕಲ್ ತಾನಾಗಿ ಹೋಗುತ್ತಿತ್ತು. ಬೇಕೆಂದಲ್ಲಿ ಉಬ್ಬು ಬಂದು ಎತ್ತುತ್ತಿತ್ತು, ತಗ್ಗು ಬಂದು ಹಿಡಿದುಕೊಳ್ಳುತ್ತಿತ್ತು. ಬೆರಳುಗಳು ಬ್ರೇಕಿನ ಮೇಲೆ ಸುಮ್ಮನೆ ಕೂತಿದ್ದವು, ಅವುಗಳಿಗೆ ಕೆಲಸವೇ ಇರಲಿಲ್ಲ. ಇಷ್ಟು ದಿನ ಮಣ್ಣು ಮೆತ್ತಿಕೊಂಡು ಬಂದದ್ದು ಇದಕ್ಕಾ ಎನಿಸಿತು. ಅಷ್ಟರಲ್ಲಿ ನಮ್ಮವರು ಕೈ ಎತ್ತಿ ನಿಂತರು.

ಮೊದಲ ತಿರುವು ತೋರಿಸಬೇಕಿತ್ತಂತೆ. ಹೊರಗಿನ ಅಂಚನ್ನು ಎಷ್ಟು ಎತ್ತರಿಸಿದ್ದೇವೆ, ಎಷ್ಟು ಸಲ ಕುಟ್ಟಿದ್ದೇವೆ, ಮೊದಲ ಮಳೆಗೆ ಹೇಗೆ ಜರಿದುಹೋಗಿತ್ತು, ಎಲ್ಲ ಆಯಿತು. ಚೆನ್ನಾಗಿದೆ ಎಂದೆ. ಹತ್ತಿ ಹೊರಟು ಇನ್ನೇನು ವೇಗ ಬಂತೆನ್ನುವಾಗ ಮತ್ತೆ ಕೈ ಎತ್ತಿದರು. ಈ ಸಲ ಕಲ್ಲು ಜೋಡಿಸಿದ ಕಟ್ಟೆ. ಕೆಳಗಿನ ಕಲ್ಲೊಂದನ್ನು ನಾಲ್ಕು ಜನ ಹೇಗೆ ಉರುಳಿಸಿ ತಂದರೆಂಬ ಕಥೆ. ಚೆನ್ನಾಗಿದೆ ಎಂದೆ, ಹಲ್ಲು ಕಚ್ಚಿಕೊಂಡು. ಮೂರನೆಯ ಸಲ ನನ್ನ ಬಾಟಲಿ ಕಿತ್ತುಕೊಂಡು ನೀರನ್ನು ಹಾದಿಯ ಮೇಲೆ ಸುರಿದರು. ನೀರು ಅವರು ಹೇಳಿದ ಕಡೆಗೇ ತಲೆಬಗ್ಗಿಸಿಕೊಂಡು ಹರಿದು ಹುಲ್ಲಿಗಿಳಿಯಿತು.

"ನೋಡಿದ್ಯಾ, ಒಂದು ಹನಿ ನಿಲ್ಲಲ್ಲ," ಎಂದರು.

ನೀರಿಗೂ ನಿಲ್ಲದೆ ಹೋಗುವ ಭಾಗ್ಯವಿತ್ತು, ನನಗಿರಲಿಲ್ಲ. ಕುಡಿಯುವುದಕ್ಕೂ ಏನೂ ಉಳಿಯಲಿಲ್ಲ. ಅವರು ಆಗಲೇ ಮಂಡಿಯೂರಿ ಯಾವುದೋ ಬೇರನ್ನು ಗುದ್ದಲಿಯಿಂದ ಕೆರೆಯುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು.

"ರೀ, ನೀವು ಇದರಲ್ಲಿ ಒಂದು ಸಲವಾದ್ರೂ ನಿಲ್ಲದೆ ಇಳಿದಿದ್ದೀರಾ?" ಎಂದು ಕೇಳಿದೆ.

ಅವರು ಯೋಚಿಸಿದರು. ಯೋಚಿಸಬೇಕಾಯಿತು ಎಂಬುದೇ ನನಗೆ ಸಾಕಾಗಿತ್ತು. ಇಲ್ಲ ಎಂದರು. ಹೊರಟರೆ ಎಲ್ಲಾದರೂ ಏನಾದರೂ ಕಣ್ಣಿಗೆ ಬೀಳುತ್ತದಂತೆ. ಎದ್ದುಬಂದ ಕಲ್ಲು, ಕುಸಿದ ಅಂಚು. ಬಿಟ್ಟು ಹೋಗಲು ಮನಸ್ಸಾಗುವುದಿಲ್ಲವಂತೆ.

ಬೇರೆ ಯಾರಾದರೂ ಆಗಿದ್ದರೆ ಪಾಪ ಎನಿಸುತ್ತಿತ್ತೇನೋ. ನನಗೆ ಎನಿಸಲಿಲ್ಲ. ಮಾತು ಕೊಟ್ಟದ್ದು ನನಗೆ, ಕಲ್ಲಿಗಲ್ಲ ಎಂದೆ. ಮತ್ತೆ ಮೇಲಕ್ಕೆ ಹೋಗಿ ಮೊದಲಿನಿಂದ ಇಳಿಯೋಣ, ಈ ಸಲ ನಾನು ಮುಂದೆ, ನೀವು ಹಿಂದೆ ಎಂದೆ. ಗುದ್ದಲಿಯನ್ನು ಅವರ ಕೈಯಿಂದ ತೆಗೆದು ನನ್ನ ಬೆನ್ನಿಗೆ ಕಟ್ಟಿಕೊಂಡೆ. ಅವರು ಸೈಕಲ್ ತಳ್ಳಿಕೊಂಡು ಬಂದರು. ದಾರಿಯುದ್ದಕ್ಕೂ ಅವರ ಕಣ್ಣು ನೆಲದ ಮೇಲೆಯೇ ಇತ್ತು.

ತುದಿಯಲ್ಲಿ ಒಮ್ಮೆ ಅವರ ಮುಖ ನೋಡಿದೆ. ಬರ್ತೀರಲ್ಲ ಎಂದೆ. ಬರ್ತೀನಿ ನಡಿ ಎಂದರು.

ನಾನು ಬಿಟ್ಟೆ. ಮೊದಲ ತಿರುವು, ಕಲ್ಲಿನ ಕಟ್ಟೆ, ನೀರು ಸುರಿದ ಜಾಗ, ಎಲ್ಲ ಹಿಂದೆ ಸರಿದವು. ಅಲ್ಲಿಂದ ಮುಂದಿನದು ನಾನು ಕಂಡಿರದ ಹಾದಿ. ಮರಗಳ ನಡುವೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮೈಯೆಲ್ಲ ಹಗುರಾಗಿ ನಾನು ಜೋರಾಗಿ ನಕ್ಕೆ. ಹಿಂದಿನಿಂದ ಒಂದು ಕೂಗು ಬರುತ್ತದೆಂದು ಕಿವಿಗೊಟ್ಟೆ. ಬರಲಿಲ್ಲ. ದೊಡ್ಡ ಬಂಡೆಯೊಂದನ್ನು ಬಳಸಿ ಹೋಗುವ ತಿರುವಿನಲ್ಲಿ ಬ್ರೇಕ್ ಹಿಡಿದು ತಿರುಗಿ ನೋಡಿದೆ. ಖಾಲಿ ಹಾದಿ. ಬರುತ್ತಿರಬಹುದು, ನಾನೇ ವೇಗವಾಗಿ ಬಂದೆನೇನೋ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಬಿಟ್ಟೆ. ಕೆಳಗಿನ ಭಾಗ ಮೇಲಿನದಕ್ಕಿಂತಲೂ ಚೆಂದವಿತ್ತು. ಯಾರಿಗೆ ಹೇಳಲಿ?

ಬುಡದಲ್ಲಿ ಸೈಕಲ್ ಮಲಗಿಸಿ ಕಾದೆ. ನಾಳೆಗೆಂದು ಕಟ್ಟಿದ ರಿಬ್ಬನ್ನು ಗಾಳಿಗೆ ಪಟಪಟ ಎನ್ನುತ್ತಿತ್ತು. ಬಿದ್ದರೋ ಏನೋ ಎಂದು ಹಾದಿಯ ಕಡೆಗೇ ನೋಡಿದೆ. ಇನ್ನು ಹತ್ತಿ ಹೋಗಿ ನೋಡುವುದೇ ಸರಿ ಎಂದುಕೊಳ್ಳುವಾಗ ಬಂದರು. ಸೈಕಲ್ ಮೇಲೆ ಕೂತು ಬರಲಿಲ್ಲ, ತಳ್ಳಿಕೊಂಡು ನಡೆದು ಬಂದರು. ಮಂಡಿಗಳಿಗೆ ಮಣ್ಣು, ಉಗುರುಗಳಲ್ಲಿ ಮಣ್ಣು. ಗುದ್ದಲಿ ಇಲ್ಲದಿದ್ದರೆ ಕೈಯಿದೆಯಲ್ಲ.

ನಾನು ಬಾಯಿ ತೆರೆಯುವ ಮೊದಲೇ ಕೈ ಚಾಚಿದರು.

"ಗುದ್ದಲಿ ಕೊಡು. ಬಂಡೆ ತಿರುವಲ್ಲಿ ಬ್ರೇಕ್ ಹಿಡಿದಿದ್ದೀಯ, ಚಕ್ರ ಕೆರೆದ ಗುರುತು ಬಿದ್ದಿದೆ. ನಿನ್ನಂಥವಳೇ ಅಲ್ಲಿ ಬ್ರೇಕ್ ಹಿಡೀತಾಳೆ ಅಂದ್ರೆ ತಿರುವೇ ಸರಿ ಬಂದಿಲ್ಲ. ನಾಳೆ ಜನ ಬರೋದ್ರೊಳಗೆ ಸರಿ ಮಾಡ್ಬೇಕು."

ಅವರ ಮುಖ ಬಾಡಿಹೋಗಿತ್ತು. ಎರಡು ವರ್ಷದ ಕೆಲಸ ಕೆಟ್ಟುಹೋಯಿತೆಂಬ ಸಂಕಟ ಅದು. ಬೈಯಬೇಕೆಂದು ಕಾದಿದ್ದ ನನ್ನ ಗಂಟಲಲ್ಲಿ ಬೈಗುಳ ಬರಲಿಲ್ಲ, ಅಳು ಬಂತು.

"ತಿರುವಿಗಲ್ಲ ರೀ ನಾನು ಬ್ರೇಕ್ ಹಿಡಿದದ್ದು," ಎಂದೆ. "ನೀವು ಹಿಂದೆ ಬರ್ತಿದ್ದೀರಾ ಅಂತ ನೋಡೋಕೆ."

ಅವರು ನನ್ನನ್ನೇ ನೋಡುತ್ತ ನಿಂತರು. ಹಣೆಯ ಗಂಟು ನಿಧಾನವಾಗಿ ಸಡಿಲವಾಯಿತು. ಕೊನೆಗೂ ಅರ್ಥವಾಯಿತು, ಇನ್ನೇನು ಹತ್ತಿರ ಬಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ.

"ಹಾಗಾದ್ರೆ ತಿರುವು ಸರಿಯಾಗೇ ಇದೆ ಅಂತೀಯಾ?" ಎಂದರು.

ಸರಿಯಾಗೇ ಇದೆ ಎಂದೆ. ಎರಡು ವರ್ಷದಲ್ಲಿ ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ.